ಕಲಾವತಿ ಮುಟ್ಟಿದ ಸಿಸ್ಟಮ್

ದೃಷ್ಟಿ ತಾಗುವುದು, ಕೈಗುಣ, ಕಾಲ್ಗುಣ, ಮಾಟ, ಮೈಮೇಲೆ ದೇವರು ಬರುವುದು, ಇಂಥ ಯಾವುದನ್ನೂ ನಾನು ನಂಬಿದವನಲ್ಲ. ನಮ್ಮದು ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ ಆಡುವ ವೈಷ್ಣವ ಮನೆತನ. ಪೂಜೆ, ಪಾರಾಯಣ, ಏಕಾದಶಿ ಎಲ್ಲ ಬೇಕಾದಷ್ಟು ನಡೆಯುತ್ತಿತ್ತು. ಆದರೆ ಹತ್ತನೆಯ ಇಯತ್ತೆ ಪಾಸಾಗಿ, ಟೈಪಿಂಗ್ ಕಲಿತು, ನೌಕರಿ ಹಿಡಿದ ಮೇಲೆ ನನಗೆ ಯಂತ್ರದ ಮೇಲೆಯೇ ಹೆಚ್ಚು ವಿಶ್ವಾಸ ಕೂತಿತು. ಟೈಪ್‌ರೈಟರಿನಲ್ಲಿ ‘ಕ’ ಒತ್ತಿದರೆ ‘ಕ’ ಬೀಳುತ್ತದೆ. ಒತ್ತಿದವನು ಯಾವ ಕುಲದವನು, ಎಂಥ ನಕ್ಷತ್ರದವನು ಎಂದು ಅದು ಕೇಳುವುದಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದೆ ಬರೆಯಲಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಇದರಲ್ಲಿ ಒಂದು ವಿಚಿತ್ರ ಸಂಗತಿ ಇದೆ, ಒಂದು ನನ್ನ ಪಾಪ ಇದೆ. ವಿಚಿತ್ರವನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಪಾಪವನ್ನು ಮಾತ್ರ ನಂಬಿರಿ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳಲ್ಲೇ ವರ್ಗವಾಗುತ್ತ ನನ್ನ ಪೂರ್ತಿ ನೌಕರಿ ಮುಗಿಯಿತು. ಇದು ನಡೆದದ್ದು ಅವುಗಳಲ್ಲೊಂದು ಊರಿನ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ. ಯಾವ ಊರು, ಯಾವ ಇಲಾಖೆ ಎಂದು ಬರೆಯುವುದಿಲ್ಲ. ತಪ್ಪು ಕಚೇರಿಯದಲ್ಲ, ನನ್ನದು. ನನ್ನ ನಿವೃತ್ತಿಗೆ ಇನ್ನೆರಡು ವರ್ಷವಿತ್ತು.

ಕಚೇರಿಯಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ನಾವು ಯಾರೂ ಕಂಪ್ಯೂಟರ್ ಎನ್ನುತ್ತಿರಲಿಲ್ಲ, ಸಿಸ್ಟಮ್ ಎನ್ನುತ್ತಿದ್ದೆವು. ಹಳೆಯ ವಿಂಡೋಸ್ ಇದ್ದ ಕಾಲದಲ್ಲಿ ಅವುಗಳಿಗೆ ನಾನೇ ಯಜಮಾನ. ಯಾರ ಫೈಲು ಕಳೆದರೂ, ಪ್ರಿಂಟರ್ ಮುಷ್ಕರ ಹೂಡಿದರೂ ನನ್ನನ್ನೇ ಕರೆಯಬೇಕು. ನಾನು ಬೇಕೆಂದೇ ನಿಧಾನವಾಗಿ ಏಳುತ್ತಿದ್ದೆ. ಎದುರಿನವರು ಸ್ವಲ್ಪ ಕಾಯಲಿ, ಸ್ವಲ್ಪ ಬೇಡಿಕೊಳ್ಳಲಿ ಎಂದು. ಕಾಕಾ ಬಂದರೆ ಸಿಸ್ಟಮ್ ಹೆದರುತ್ತದೆ ಎಂದು ಕಚೇರಿಯಲ್ಲಿ ಒಂದು ಮಾತೇ ಇತ್ತು. ಆ ಮಾತು ನನಗೆ ಸಂಬಳಕ್ಕಿಂತ ರುಚಿಯಾಗಿತ್ತು.

ಆ ವರ್ಷ ಮೇಲಿನಿಂದ ಆದೇಶ ಬಂತು. ಹಳೆಯ ಸಿಸ್ಟಮ್ ಎಲ್ಲ ತೆಗೆದು ಹೊಸವನ್ನು ಕೂಡಿಸಿದರು, ಒಳಗಿನ ವಿಂಡೋಸೂ ಹೊಸದು. ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಯಂತ್ರ ಏನೇ ಬರಲಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಮುತ್ತೈದೆಯೊಬ್ಬಳ ಕೈಯಿಂದ ಮೊದಲ ಸಲ ಚಾಲೂ ಮಾಡಿಸುವುದು. ಹೊಸ ಮನೆಯ ಒಲೆಯ ಮೇಲೆ ಮೊದಲ ಹಾಲು ಉಕ್ಕಿಸಲು ಮುತ್ತೈದೆಯನ್ನು ಕರೆಯುವ ಹಾಗೆ. ಆ ದಿನ ಸಾಹೇಬರ ಮನೆಯವರು ಬಂದು ಒಂದೊಂದೇ ಗುಂಡಿ ಒತ್ತಿದರು. ನಾವು ಚಪ್ಪಾಳೆ ತಟ್ಟಿ ಪೇಢೆ ತಿಂದೆವು. ಕಲಾವತಿ ಬಾಗಿಲ ಹೊರಗೆ ನಿಂತಿದ್ದಳು.

ಕಲಾವತಿ ಯಂಕಂಚಿ ಕಡೆಯ ಹೆಣ್ಣುಮಗಳು, ಕುರಿ ಕಾಯುವ ಮನೆತನದವಳು. ಆಕೆಯ ಗಂಡ ನಮ್ಮ ಇಲಾಖೆಯಲ್ಲೇ ಸಿಪಾಯಿಯಾಗಿದ್ದು, ಕಾಮಣಿ ಬೇನೆಯಾಗಿ ತೀರಿಕೊಂಡಿದ್ದ. ಅನುಕಂಪದ ಮೇಲೆ ಆಕೆಗೆ ಗುಮಾಸ್ತೆಯ ನೌಕರಿ ಸಿಕ್ಕಿತ್ತು. ಪಿಯುಸಿ ಓದಿದ್ದಳು. ಸಣ್ಣ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಬಂದು ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದಳು. ಎರಡು ವರ್ಷ ಪರೀಕ್ಷಾರ್ಥ ಅವಧಿ. ಅದು ಮುಗಿದಾಗ ಸಾಹೇಬರು ಬರೆಯುವ ವರದಿ ಒಳ್ಳೆಯದಾದರೆ ಜೀವನವಿಡೀ ಕುರ್ಚಿಯ ನೌಕರಿ, ಇಲ್ಲವಾದರೆ ಇಲ್ಲ. ಇದು ಆಕೆಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಪೂಜೆಯ ಹಿಂದಿನ ದಿನ, ಜೋಡಿಸಲು ಬಂದ ಮನುಷ್ಯ ಮೇಜಿನ ಕೆಳಗೆ ತೂರಿಕೊಂಡು, ಕರೆಂಟ್ ಬರುತ್ತದೋ ನೋಡಲು ಯಾರಾದರೂ ಗುಂಡಿ ಒತ್ತಿರಿ ಎಂದಿದ್ದ. ಹತ್ತಿರ ಧೂಳು ಒರೆಸುತ್ತಿದ್ದವಳು ಕಲಾವತಿ. ಒತ್ತಿದಳು. ಅಷ್ಟೇ. ಅದನ್ನು ನಾನೂ ನೋಡಿದೆ, ಪಕ್ಕದ ಮೇಜಿನ ಚನಬಸು ಎಂಬ ಗುಮಾಸ್ತನೂ ನೋಡಿದ. ಆಗ ಯಾರೂ ಏನೂ ಅನ್ನಲಿಲ್ಲ.

ಹೊಸ ಸಿಸ್ಟಮ್ ಬಂದ ಮೇಲೆ ನನ್ನ ಯಜಮಾನಿಕೆ ಹೋಯಿತು. ಅದರಲ್ಲಿ ಎಲ್ಲವೂ ಜಾಗ ಬದಲಿಸಿತ್ತು. ಮೊದಲು ಎಡಗಡೆ ಕೆಳಗೆ ಇದ್ದದ್ದು ಈಗ ಎಲ್ಲಿಯೂ ಕಾಣುವುದಿಲ್ಲ. ಕನ್ನಡಕ್ಕೆ ಬದಲಿಸುವುದು ಒಂದು ಕಡೆ, ಪ್ರಿಂಟರ್ ಸೇರಿಸುವುದು ಇನ್ನೊಂದು ಕಡೆ. ಬಂದ್ ಮಾಡುವುದು ಎಲ್ಲಿ ಎಂದು ಮೊದಲ ದಿನ ಹುಡುಕಿ ಹುಡುಕಿ ಕೊನೆಗೆ ನಾನು ಪ್ಲಗ್ಗನ್ನೇ ಕಿತ್ತೆ. ಅದುವರೆಗೆ ಕೈಬರಹದ ರಿಜಿಸ್ಟರುಗಳನ್ನಷ್ಟೇ ನೋಡಿಕೊಂಡಿದ್ದ ಕಲಾವತಿಗೆ ಹಳೆಯದರ ರೂಢಿಯೇ ಇರಲಿಲ್ಲ, ಹಾಗಾಗಿ ಮರೆಯಬೇಕಾದ್ದೂ ಇರಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು ವಾರದಲ್ಲಿ ಎಲ್ಲವನ್ನೂ ಕಲಿತುಬಿಟ್ಟಳು. ಜನ ಆಕೆಯ ಮೇಜಿನ ಕಡೆ ನಡೆಯತೊಡಗಿದರು.

ಒಂದು ದಿನ ಸಾಹೇಬರ ಪತ್ರವೊಂದನ್ನು ಪ್ರಿಂಟ್ ಮಾಡಲಾಗದೆ ನಾನು ಬೆವರುತ್ತಿದ್ದೆ. ಸಾಹೇಬರು ಹೊರಗೆ ಬಂದು ಎಲ್ಲರ ಮುಂದೆ ಅಂದರು: “ನಿಮ್ಮ ಸಿಸ್ಟಮ್ ಸತ್ತು ತಿಥಿ ಆತ್ರಿ ರಾಯರ. ಇನ್ನ ಮ್ಯಾಲ ಬಾಯಾರ್ನ ಕೇಳ್ರಿ.”

ಎಲ್ಲರೂ ನಕ್ಕರು. ಕಲಾವತಿ ನಗಲಿಲ್ಲ. ಎದ್ದು ಬಂದು, ಸ್ವಲ್ಪ ಸರಿಯಿರಿ ಕಾಕಾರ ಎಂದು ಮೆಲ್ಲಗೆ ಹೇಳಿ, ನನ್ನ ಪತ್ರ ಪ್ರಿಂಟ್ ಮಾಡಿ ಕೊಟ್ಟಳು. ನಕ್ಕಿದ್ದರೆ ಬಹುಶಃ ನಾನು ಕ್ಷಮಿಸುತ್ತಿದ್ದೆ.

ನಾನು ಮಾಡಿದ್ದನ್ನು ಸರಳವಾಗಿ ವಿವರಿಸುತ್ತೇನೆ. ಕಂಪ್ಯೂಟರ್ ತೆರೆದಾಗ ಪರದೆಯ ಮೇಲೆ ಸಣ್ಣ ಸಣ್ಣ ಗುರುತುಗಳು ಕಾಣುತ್ತವಲ್ಲ, ಫೋಲ್ಡರು, ಫೈಲು. ಅವುಗಳ ಮೇಲೆ ಎರಡು ಸಲ ಒತ್ತಿದರೆ ಅವು ತೆರೆಯುತ್ತವೆ. ಆ ಇಡೀ ಪರದೆಯ ಒಂದು ಫೋಟೋ ಹಿಡಿಯಬಹುದು. ಆ ಫೋಟೋವನ್ನೇ ಪರದೆಯ ಹಿನ್ನೆಲೆಯಾಗಿ ಕೂಡಿಸಿ, ನಿಜವಾದ ಗುರುತುಗಳನ್ನು ಮರೆಮಾಡಬಹುದು. ನೋಡುವವರಿಗೆ ಎಲ್ಲ ಇದ್ದಲ್ಲೇ ಇರುತ್ತದೆ. ಆದರೆ ಅದು ಬರೀ ಚಿತ್ರ. ಸಾವಿರ ಸಲ ಒತ್ತಿದರೂ ತೆರೆಯುವುದಿಲ್ಲ. ಗೋಡೆಯ ಮೇಲೆ ಬರೆದ ಬಾಗಿಲು ತೆರೆದೀತೇ? ವಿಜಯಪುರದ ತರಬೇತಿಯಲ್ಲಿ ಯಾರೋ ಮೋಜಿಗೆ ಇದನ್ನು ಮಾಡಿ ತೋರಿಸಿದ್ದರು. ಹೊಸ ಸಿಸ್ಟಮ್‌ನಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಅದೊಂದೇ.

ಮರುದಿನ ಬೆಳಿಗ್ಗೆ ಆಕೆ ಬರುವ ಮೊದಲು ಆಕೆಯ ಸಿಸ್ಟಮ್‌ಗೆ ಅದನ್ನು ಮಾಡಿಟ್ಟೆ. ಕಲಾವತಿ ಬಂದು ಕೂತು ಒತ್ತಿದಳು, ಮತ್ತೆ ಒತ್ತಿದಳು. ಮೌಸನ್ನು ಎತ್ತಿ ಕೆಳಗೆ ನೋಡಿದಳು. ಚನಬಸುವಿಗೆ ಮೊದಲೇ ಹೇಳಿದ್ದೆ. ಆತ ಫೈಲಿನ ಮರೆಯಲ್ಲಿ ಮುಖ ಇಟ್ಟುಕೊಂಡು ಕುಲುಕುತ್ತಿದ್ದ. ಕಾಲು ತಾಸಿನ ನಂತರ ನಾನು ಎದ್ದು ಹೋಗಿ, ನೀರು ತಗೊಂಡು ಬಾರವಾ ಎಂದು ಆಕೆಯನ್ನು ಕಳಿಸಿ, ಎರಡು ಕಡೆ ಒತ್ತಿ ಸರಿ ಮಾಡಿದೆ. ಆಕೆ ಬಂದಾಗ ಎಲ್ಲ ತೆರೆಯಿತು.

ಅಲ್ಲಿಗೇ ನಿಂತಿದ್ದರೆ ಅದು ಒಂದು ಚೇಷ್ಟೆ ಅಷ್ಟೇ. ಆದರೆ ಚನಬಸುವಿಗೆ ನಗೆಯ ಭರದಲ್ಲಿ ಬಾಯಿ ನಿಲ್ಲಲಿಲ್ಲ.

“ಪೂಜಿ ಆಗೂಕಿಂತ ಮೊದಲ ಈಕಿ ಕೈ ಹಚ್ಚಿದ್ಲಲ್ರಿ ಕಾಕಾ. ಮುತ್ತೈದಿ ಮುಟ್ಟೂದನ್ನ ಈಕಿ ಮುಟ್ಟಿದ್ರ ಇನ್ನೇನಾದೀತು?” ಅಂದ.

ಕಲಾವತಿ ಮೌಸಿನಿಂದ ಕೈ ತೆಗೆದಳು. ಆಕೆ ನನ್ನ ಕಡೆ ನೋಡಿದಳು. ಕಚೇರಿಯಲ್ಲಿ ಇಂಥದ್ದನ್ನೆಲ್ಲ ನಂಬದ ಮನುಷ್ಯ ನಾನೊಬ್ಬನೇ ಎಂದು ಆಕೆಗೆ ಗೊತ್ತಿತ್ತು. ಹಾಗೇನಿಲ್ಲವ್ವಾ ಎಂದು ನಾನು ಅನ್ನುತ್ತೇನೆಂದು ಕಾದಳು. ನಾನು ಹೆಗಲು ಕುಣಿಸಿ, “ಇರಬಹುದು” ಅಂದೆ.

ಆ ಒಂದು ಮಾತಿನಿಂದ ಉಳಿದದ್ದೆಲ್ಲ ಆಯಿತು. ಐದಾರು ತಿಂಗಳು ನಾನು ಇದನ್ನು ನಡೆಸಿದೆ. ದಿನಾಲೂ ಮಾಡುತ್ತಿರಲಿಲ್ಲ. ದಿನಾಲೂ ಮಾಡಿದರೆ ಯಂತ್ರ ಕೆಟ್ಟಿದೆ ಎಂದು ಯಾರಾದರೂ ದುರಸ್ತಿಗೆ ಕರೆಸಿಯಾರು. ವಾರದಲ್ಲಿ ಎರಡು ದಿನ, ಕೆಲವೊಮ್ಮೆ ಮೂರು ದಿನ. ಆಕೆಯ ಕೈಗೆ ತೆರೆಯದ್ದು ನನ್ನ ಕೈಗೆ ತೆರೆಯುತ್ತಿತ್ತು. ಕಾಕಾ ಬಂದರೆ ಸಿಸ್ಟಮ್ ಹೆದರುತ್ತದೆ ಎಂಬ ಮಾತು ಮತ್ತೆ ಜೀವ ಪಡೆಯಿತು.

ಸಾಹೇಬರು ಒಮ್ಮೆ ಆಕೆಯನ್ನೂ ಚನಬಸುವನ್ನೂ ಮೇಜು ಬದಲಿಸಿ ಕೂಡಿಸಿದರು. ಆಕೆ ಬಿಟ್ಟ ಸಿಸ್ಟಮ್ ಚನಬಸುವಿನ ಕೈಯಲ್ಲಿ ಚೆಂದವಾಗಿ ನಡೆಯಿತು. ಮೂರನೆಯ ದಿನ ಆಕೆಯ ಹೊಸ ಮೇಜಿನ ಸಿಸ್ಟಮ್ ಸತ್ತಿತು. ಇನ್ನು ಸಾಕ್ಷಿ ಏನು ಬೇಕು? ಅದುವರೆಗೆ ತಮಾಷೆಗೆ ಕೇಳುತ್ತಿದ್ದವರೂ ಅಂದಿನಿಂದ ನಿಜವೆಂದು ನಂಬಿದರು. ನನ್ನ ಆಟ ತಿಳಿದಿದ್ದ ಚನಬಸುವೇ ಅರ್ಧ ನಂಬಿದ. ಒಂದು ದಿನ ಆಕೆ, ಅಣ್ಣಾ, ನನ್ನ ಕೈ ಮ್ಯಾಲ ನಿನ್ನ ಕೈ ಇಟ್ಟು ಒಮ್ಮಿ ಒತ್ತಿ ನೋಡು ಎಂದು ಕೇಳಿದಾಗ ಆತ ಕುರ್ಚಿ ಹಿಂದೆ ಸರಿಸಿ, “ಬ್ಯಾಡ ತಾಯಿ, ನನಗೂ ಹತ್ತೀತು” ಅಂದ. ಆ ಸಲ ಆತ ನಗುತ್ತಿರಲಿಲ್ಲ.

ಆಕೆ ಕೂಡ್ರುವ ಮೊದಲು ಕೈ ತೊಳೆದುಕೊಂಡು ಬರತೊಡಗಿದಳು. ಆಮೇಲೆ ಮೇಜಿನ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳತೊಡಗಿದಳು. ತಮ್ಮ ದೇವರ ಗುಡಿಯಿಂದ ಭಂಡಾರ ತಂದು ಸಿಸ್ಟಮ್‌ಗೆ ಚಿಟಿಕೆ ಹಚ್ಚಿದಳು. ಅರಿಷಿಣ ಒಳಗೆ ಹೋದರೆ ಸುಟ್ಟೀತು ಎಂದು ನಾನು ಎಲ್ಲರಿಗೂ ಕೇಳುವಂತೆ ಗದರಿದೆ. ಆಕೆ ಸೆರಗಿನಿಂದ ಒರೆಸಿದಳು. ಕೆಲಸಕ್ಕೆ ಬಂದ ಹಳ್ಳಿಯ ಜನರಿಗೂ ಸುದ್ದಿ ಗೊತ್ತಾಗಿ, ಅರ್ಜಿಯನ್ನು ಆಕೆಯ ಕೈಗೆ ಕೊಡದೆ ನಿಂತು ಕಾಯತೊಡಗಿದರು. ಯಾರೂ ಇಲ್ಲದಾಗ ಕೆಲಸ ಮುಗಿಸೋಣವೆಂದು ಆಕೆ ಒಂಬತ್ತಕ್ಕೇ ಬರಲು ಸುರು ಮಾಡಿದಳು. ಹಾಗಾಗಿ ನಾನು ಎಂಟೂವರೆಗೆ ಬಂದೆ. ಕಚೇರಿಯ ಕೀಲಿ ನನ್ನ ಹತ್ತಿರ ಇತ್ತು. ದೇವರ ಪೂಜೆಗೂ ನಾನು ಅಷ್ಟು ನೇಮದಿಂದ ಎದ್ದವನಲ್ಲ.

ಇಷ್ಟರಲ್ಲಿ ಆಕೆಯ ಎರಡು ವರ್ಷ ಮುಗಿಯುತ್ತ ಬಂತು. ಸಾಹೇಬರು ಆಕೆಗೆ ನಮ್ಮ ಹಳ್ಳಿಗಳ ಕೊಳವೆಬಾವಿಗಳ ಯಾದಿ, ಎಂದರೆ ಪಟ್ಟಿ, ತಯಾರಿಸಲು ಕೊಟ್ಟರು. ನಾಲ್ಕು ಪುಟದ ಕೆಲಸ. ಸಭೆಗೆ ಒಯ್ಯಬೇಕಿತ್ತು. ನಾನು ಕೈ ಹಚ್ಚದ ಎರಡು ದಿನಗಳಲ್ಲಿ ಕಲಾವತಿ ಊಟಕ್ಕೂ ಏಳದೆ ಅದನ್ನು ಪೂರ್ತಿ ಟೈಪ್ ಮಾಡಿ ಇಟ್ಟಳು. ನಾನು ನೋಡಿದೆ. ಒಂದೂ ತಪ್ಪಿರಲಿಲ್ಲ. ಮೂರನೆಯ ದಿನ ಎಂಟೂವರೆಗೆ ಬಂದು ಪರದೆಯ ಫೋಟೋ ಹಿಡಿದು ಹಿನ್ನೆಲೆಗೆ ಕೂಡಿಸಿದೆ, ಗುರುತುಗಳನ್ನೆಲ್ಲ ಮರೆಮಾಡಿದೆ. ಒಳಗೆ ಏನೂ ತೆರೆದು ಉಳಿದಿರಬಾರದೆಂದು ಸಿಸ್ಟಮ್ಮನ್ನು ಪೂರ್ತಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಯಾದಿಯ ಚಿತ್ರದ ಮೇಲೆ ನಾನೇ ಎರಡು ಸಲ ಒತ್ತಿ ಪರೀಕ್ಷೆ ಮಾಡಿದೆ. ತೆರೆಯಲಿಲ್ಲ. ಈ ಮಾತನ್ನು ನೆನಪಿಡಿರಿ.

ಸಾಹೇಬರು ಬಂದೊಡನೆ ಅವರ ಖೋಲಿಗೆ ಹೋಗಿ, ಆ ಯಾದಿ ಇನ್ನೂ ಆಗಿಲ್ಲ, ಆಕೆಯ ಕೈಯಿಂದ ಆಗುವುದೂ ಇಲ್ಲ ಎಂದು ಹೇಳಿದೆ. ಅವರು ಕೆಂಪಾಗಿ ಹೊರಗೆ ಬಂದರು. ಆಗ ಹನ್ನೊಂದು ಗಂಟೆ. ಹೊರಗೆ ಬಿಸಿಲು, ಒಳಗೆ ಫ್ಯಾನ್ ತಿರುಗುತ್ತಿತ್ತು, ಕರೆಂಟ್ ಸರಿಯಾಗಿತ್ತು.

ಮುಗಿಸೀನ್ರಿ ಸರ, ಆದ್ರ ತೆರೆಯಾಕ ಒಲ್ಲದು ಎಂದಳು ಕಲಾವತಿ. ಅದು ಆಕೆ ಆರು ತಿಂಗಳಿಂದ ಹೇಳುತ್ತಿದ್ದ ಮಾತು. ಸಾಹೇಬರು ಒಂದು ಕುರ್ಚಿ ಎಳೆದುಕೊಂಡು ಆಕೆಯ ಪಕ್ಕದಲ್ಲೇ ಕೂತರು.

“ನನ್ನ ಮುಂದ ತೆರಿ. ತೆರೀತಂದ್ರ ನಿನ್ನ ವರದಿ ಇವತ್ತ ಚಲೋ ಬರದು ಕಳಸ್ತೇನಿ. ತೆರೀಲಿಲ್ಲಂದ್ರ ನಾ ಏನೂ ಮಾಡಾಕ ಬರೂದಿಲ್ಲವಾ.”

ಎಲ್ಲರೂ ಎದ್ದು ನಿಂತಿದ್ದರು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅಲ್ಲಿಂದ ಪರದೆ ಚೊಕ್ಕ ಕಾಣುತ್ತಿತ್ತು. ಕಲಾವತಿ ಕೈಯನ್ನು ಸೀರೆಗೆ ಒರೆಸಿಕೊಂಡು ಮೌಸ್ ಹಿಡಿದಳು. ಬಾಣದ ಗುರುತು ನಡುಗುತ್ತ ನಡುಗುತ್ತ ಯಾದಿಯ ಚಿತ್ರದ ಮೇಲೆ ಹೋಗಿ ನಿಂತಿತು. ಆಕೆಯ ತೋರುಬೆರಳು ಎರಡು ಸಲ ಕೆಳಗೆ ಹೋದದ್ದನ್ನು ನಾನು ನೋಡಿದೆ.

ಯಾದಿ ತೆರೆಯಿತು.

ಇದನ್ನು ಬಣ್ಣ ಹಚ್ಚಿ ಹೇಳಲು ನನಗೆ ಬರುವುದಿಲ್ಲ. ಬೆಳಕು ಬರಲಿಲ್ಲ, ಸದ್ದು ಆಗಲಿಲ್ಲ. ದಿನಾಲೂ ತೆರೆಯುವ ಹಾಗೆ ತೆರೆಯಿತು. ಮೊದಲ ಪುಟ, ಮೇಲೆ ಕಚೇರಿಯ ಹೆಸರು, ಕೆಳಗೆ ಹಳ್ಳಿಗಳ ಸಾಲು. ಕೋಣೆಯಲ್ಲಿದ್ದ ಯಾರಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಗೋಡೆಯ ಮೇಲೆ ಬರೆದ ಬಾಗಿಲು ತೆರೆದದ್ದು ನನಗೆ ಮಾತ್ರ ಗೊತ್ತಿತ್ತು. ಕಪಾಟಿನ ಹಿಡಿಕೆ ಹಿಡಿದುಕೊಂಡೆ.

ಸಾಹೇಬರು ನಾಲ್ಕೂ ಪುಟ ನೋಡಿದರು. “ಎಲ್ಲಾ ಬರೋಬ್ಬರಿ ಐತೆಲ್ಲ. ಯಾರ್ರೀ, ಆಕಿ ಮಾಡಿಲ್ಲ ಅಂದಾವ್ರು?” ಎಂದು ನನ್ನ ಕಡೆ ತಿರುಗಿದರು.

ಆಗ ನನ್ನ ಎದೆಯಲ್ಲಿ ಎರಡು ಭಯಗಳಿದ್ದವು. ಕಾಣದ ಯಾವುದೋ ಒಂದು ನನ್ನ ಕಣ್ಣೆದುರಿಗೆ ನಡೆದಿದೆ ಎಂಬುದೊಂದು. ನನ್ನ ಸುಳ್ಳು ಸಾಹೇಬರಿಗೆ ಗೊತ್ತಾಗುತ್ತದೆ ಎಂಬುದು ಇನ್ನೊಂದು. ದೇವರೇ ಬಂದು ಪರದೆಯೊಳಗೆ ಕೂತಿದ್ದರೂ, ಎರಡನೆಯ ಭಯವೇ ನನಗೆ ದೊಡ್ಡದಾಗಿತ್ತು. ನಾನು ಅಂದೆ:

“ಸರ, ಅದು ನಾ ಮಾಡಿದ್ರಿ. ಪಾಪ, ನೌಕರಿ ಹೋಗತೈತಿ ಅಂತ ಆಕಿ ಹೆಸರೀಲೆ ನಾನ ಟೈಪ್ ಮಾಡಿ ಇಟ್ಟಿದ್ದೆ. ಈಗ ತೆರೆದದ್ದೂ ಆಕಿ ಕೈಲೆ ಅಲ್ರಿ. ಮುಂಜಾನೆ ನಾನ ತಯಾರು ಮಾಡಿ ಬಿಟ್ಟಿದ್ದೆ.”

ಸಾಹೇಬರು ಆಕೆಯನ್ನು ಕೇಳಿದರು, ಹೌದೇನವಾ ಎಂದು. ಕಲಾವತಿ ನನ್ನನ್ನೇ ನೋಡಿದಳು. ಸಿಟ್ಟಿನ ನೋಟ ಅಲ್ಲ ಅದು. ಏನೋ ಹೊಸದಾಗಿ ತಿಳಿದವರು ನೋಡುವ ಹಾಗಿತ್ತು. ಆಮೇಲೆ ತಲೆ ತಗ್ಗಿಸಿ, “ಹೌದ್ರಿ” ಅಂದಳು.

ಆಕೆ ಯಾಕೆ ಹಾಗೆ ಅಂದಳೋ ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಗೋಜಿಗೂ ಹೋಗಲಿಲ್ಲ. ಸಾಹೇಬರು ಆಕೆಯನ್ನು ಒಳಗೆ ಕರೆದುಕೊಂಡು ಹೋದೊಡನೆ ನಾನು ಆ ಸಿಸ್ಟಮ್ ಮುಂದೆ ಕೂತು ಯಾದಿಯನ್ನು ಮುಚ್ಚಿದೆ. ಹಿಂದೆ ನನ್ನ ಚಿತ್ರ ಹಾಗೇ ಇತ್ತು. ಗುರುತುಗಳನ್ನು ಮರೆಮಾಡಿದ್ದು ಹಾಗೇ ಇತ್ತು. ಅದೇ ಚಿತ್ರದ ಮೇಲೆ ಹತ್ತು ಸಲ, ಇಪ್ಪತ್ತು ಸಲ ಒತ್ತಿದೆ. ಏನೂ ಆಗಲಿಲ್ಲ. ಚನಬಸು ಬಗ್ಗಿ ನನ್ನ ಕಿವಿಯಲ್ಲಿ, ಇವತ್ತ ಯಾಕ ಬಿಟ್ಟಿರಿ ಕಾಕಾ ಎಂದು ಕೇಳಿದ. ಸುಮ್ಮನೆ ಬಿಟ್ಟೆ ಎಂದೆ. ಆತ ನಂಬಿದ. ಈಗ ಆತ ಬದುಕಿಲ್ಲ.

ಸಾಹೇಬರು ಕೆಟ್ಟವರಲ್ಲ. ಒಮ್ಮೆಲೇ ಮನೆಗೆ ಕಳಿಸುವ ಬದಲು ಆಕೆಗೆ ಒಂದು ದಾರಿ ತೋರಿಸಿದರು. ಗುಮಾಸ್ತೆಯ ಕೆಲಸಕ್ಕೆ ನನಗೆ ಯೋಗ್ಯತೆ ಇಲ್ಲ, ಸಿಪಾಯಿ ಹುದ್ದೆ ಕೊಟ್ಟರೆ ಮಾಡುತ್ತೇನೆ ಎಂದು ತಾನಾಗಿಯೇ ಅರ್ಜಿ ಬರೆದುಕೊಡಲಿ ಎಂದರು. ಗಂಡ ಮಾಡುತ್ತಿದ್ದ ನೌಕರಿ. ಅರ್ಜಿಯ ಒಕ್ಕಣೆ ಹೇಗಿರಬೇಕೆಂದು ಆಕೆಗೆ ತಿಳಿಯದು. ಯಾರು ಹೇಳಬೇಕು? ನಾನೇ ಎದುರಿಗೆ ಕೂತು ಹೇಳಿದೆ. ‘ನನಗೆ ಗಣಕಯಂತ್ರವನ್ನು ನಿರ್ವಹಿಸುವ ಸಾಮರ್ಥ್ಯವಿರುವುದಿಲ್ಲ’ ಎಂಬ ವಾಕ್ಯ ನನ್ನದು. ಆಕೆ ದುಂಡಗೆ, ಚೆಂದಾಗಿ ಕೈಯಿಂದ ಬರೆದಳು. ‘ಸಾಮರ್ಥ್ಯ’ ಬರೆಯುವಾಗ ಮಾತ್ರ ಒಮ್ಮೆ ನಿಂತಳು. ಒಂದು ತಿಂಗಳಲ್ಲಿ ಆಕೆಗೆ ಬೇರೆ ತಾಲೂಕಿಗೆ ಆದೇಶ ಬಂತು. ಹೋಗುವ ದಿನ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಹಿರಿಯರೆಂದು ಮಾಡಿದಳು ಎಂದುಕೊಂಡೆ.

ಆ ಮೇಲೆ ನಾನು ಅನೇಕರನ್ನು ಕೇಳಿದ್ದೇನೆ, ಬೇರೆಯವರಿಗೆ ಆದದ್ದು ಎಂಬಂತೆ. ಕಂಪ್ಯೂಟರ್ ದುರಸ್ತಿ ಮಾಡುವ ಒಬ್ಬರು, ಚಾಲೂ ಆದೊಡನೆ ತಾನೇ ತೆರೆಯುವಂತೆ ಫೈಲನ್ನು ಇಟ್ಟಿರಬಹುದು ಎಂದರು. ಹಾಗಿದ್ದರೆ ಎಂಟೂವರೆಗೇ ತೆರೆಯಬೇಕಿತ್ತು. ಕೀಲಿಮಣೆಯಿಂದ ತೆರೆದಿರಬಹುದು ಎಂದರು. ಆಕೆಯ ಎಡಗೈ ಮಡಿಲಲ್ಲಿತ್ತು. ಕೊನೆಗೆ ಅವರು ನಕ್ಕು, ನಿಮಗ ನೆನಪು ತಪ್ಪೇತ್ರಿ ಅಜ್ಜಾರ ಎಂದರು. ತಪ್ಪಿದ್ದರೆ ಚೆನ್ನಾಗಿತ್ತು.

ಹೋದ ವರ್ಷ ನನಗೆ ಎಪ್ಪತ್ತು ತುಂಬಿತು. ನನ್ನ ಹೆಂಡತಿ ತೀರಿಕೊಂಡು ಮೂರು ವರ್ಷ. ರಾತ್ರಿ ನಿದ್ದೆ ಕಡಿಮೆ. ಹೇಳಿಬಿಡಬೇಕು, ಆಕೆ ಕೆರ ತಗೊಂಡು ಹೊಡೆದರೂ ಹೊಡೆಸಿಕೊಳ್ಳಬೇಕು ಎಂದು ತೀರ್ಮಾನಿಸಿ, ಆಕೆ ಎಲ್ಲಿದ್ದಾಳೆಂದು ವಿಚಾರಿಸಿದೆ. ತಾಂಬಾದ ಕಡೆ ಒಂದು ಸಣ್ಣ ಕಚೇರಿಯಲ್ಲಿ ಎಂದು ಗೊತ್ತಾಯಿತು. ಸಿಂದಗಿಗೆ ಹೋಗಿ ಬಸ್ ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅರ್ಜಿಯ ಒಕ್ಕಣೆಯ ಹಾಗೆ.

ಕಲಾವತಿಯ ಕೂದಲು ಬೆಳ್ಳಗಾಗಿದ್ದವು. ಖಾಕಿ ಬಣ್ಣದ ಸೀರೆ ಉಟ್ಟಿದ್ದಳು. ನನ್ನನ್ನು ನೋಡಿ ಕೈಯಲ್ಲಿದ್ದ ಕೊಡ ಕೆಳಗಿಟ್ಟು ಓಡಿ ಬಂದಳು. “ನಮ್ಮ ಕಾಕಾರು ಬಂದಾರ್ರಿ. ನನ್ನ ಕಷ್ಟದಾಗ ಆಸರಾ ಆದಾವ್ರು” ಎಂದು ಒಳಗಿನ ಗುಮಾಸ್ತರಿಗೆ ಪರಿಚಯ ಮಾಡಿಸಿದಳು. ನನಗೆ ಕುರ್ಚಿ ಹಾಕಿಸಿ ಚಹಾ ತರಲು ಹೋದಳು. ಚಹಾ ತಂದಾಗ ಕಂಪ್ಯೂಟರ್ ಮುಂದಿದ್ದ ಗುಮಾಸ್ತ ತಲೆ ಎತ್ತದೆಯೇ ಹೇಳಿದ: “ಅಲ್ಲೇ ನಿಲ್ಲು ಕಲಾವಕ್ಕಾ, ಸಿಸ್ಟಮ್ ಚಾಲೂ ಐತಿ.”

ಆಕೆ ಎರಡು ಮಾರು ದೂರದಲ್ಲಿದ್ದ ಸ್ಟೂಲಿನ ಮೇಲೆ ಚಹಾದ ಕಪ್ ಇಟ್ಟಳು. ಗುಮಾಸ್ತ ಎದ್ದು ಬಂದು ತಗೊಂಡ. ಅದರಲ್ಲಿ ಜಗಳವಿಲ್ಲ, ಅವಮಾನವೂ ಇದ್ದಂತೆ ಕಾಣಲಿಲ್ಲ. ದಿನದ ರೂಢಿ. ನಾನು ಹೇಳಿದ ‘ಇರಬಹುದು’ ನನಗಿಂತ ಮೊದಲು ಆ ಕಚೇರಿಗೆ ಬಂದು ಮುಟ್ಟಿತ್ತು. ಹೊರಗೆ ಬೇವಿನ ಗಿಡದ ಕೆಳಗೆ ಕೂತು ಆಕೆ ತನ್ನ ಸಂಸಾರದ ಸುದ್ದಿ ಹೇಳಿದಳು. ಮೊಬೈಲನ್ನೂ ತಾನು ಒತ್ತುವುದಿಲ್ಲವಂತೆ, ಯಾರಾದರೂ ಹಚ್ಚಿ ಕೊಟ್ಟರೆ ಕಿವಿಗೆ ಹಿಡಿಯುತ್ತಾಳಂತೆ. ಮಗಳು ಡಿಪ್ಲೊಮಾದಲ್ಲಿ ಕಂಪ್ಯೂಟರ್ ತಗೋಬೇಕೆಂದು ಬಹಳ ಅತ್ತಳಂತೆ.

“ಬ್ಯಾಡಂದೆ ಕಾಕಾರ. ನನ್ನ ರಕ್ತ ಅಲ್ಲೇನ್ರಿ ಅದು? ಕಲತು ಆಮ್ಯಾಲ ನನ್ನಂಗ ಆದ್ರ?” ಅಂದಳು. ಮಗಳು ಈಗ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸಕ್ಕಿದ್ದಾಳೆ.

ನಾನು ಬಾಯಿ ತೆರೆದೆ. ಜೋಡಿಸಿಕೊಂಡು ಬಂದ ಮೊದಲ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆಕೆಯೇ ಆ ದಿನದ ಮಾತು ತೆಗೆದಳು. ಹನ್ನೆರಡು ವರ್ಷದಿಂದ ಒಂದು ಮಾತು ಹೇಳಬೇಕೆಂದು ಇಟ್ಟುಕೊಂಡಿದ್ದೇನೆ ಎಂದಳು.

“ಟೈಪ್ ನಾ ಮಾಡಿದ್ದೆ ಕಾಕಾರ. ಅದು ನಿಮಗೂ ಗೊತ್ತು. ಆದ್ರ ಅವತ್ತ ನಾ ಮೌಸ್ ಒತ್ತಲೇ ಇಲ್ಲ. ಕೈ ನಡಗಾಕತ್ತಿತ್ತು, ಬೆರಳು ಏಳಲೇ ಇಲ್ಲ. ನಾ ಒತ್ತಿದ್ರ ತೆರೆಯೂದಿಲ್ಲ ಅಂತ ಸುಮ್ಮ ಕುಂತಿದ್ದೆ. ತಾನ ತೆರೀತು. ಆಮ್ಯಾಲ ನೀವು, ನಾನ ತಯಾರು ಮಾಡಿ ಬಿಟ್ಟಿದ್ದೆ ಅಂದ್ರಿ. ಆಗ ತಿಳೀತು, ನನ್ನ ಉಳಸಾಕ ನೀವ ತೆರದೀರಿ ಅಂತ. ಟೈಪ್ ಮಾಡಿದ್ದು ನಾನು ಅಂತ ವಾದಾ ಮಾಡಿದ್ರ ನಿಮ್ಮ ಉಪಕಾರನೂ ಸುಳ್ಳ ಆಗ್ತಿತ್ತು. ಅದಕ್ಕ ಹೌದಂದೆ.”

ಗಿಡದ ನೆರಳು ನಮ್ಮ ಮೇಲಿಂದ ಸರಿಯುತ್ತಿತ್ತು. ಆಕೆಯ ಬೆರಳು ಎರಡು ಸಲ ಕೆಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒತ್ತಿಲ್ಲ ಎಂದು ಆಕೆ ಆಣೆ ಮಾಡಿದಂತೆ ಹೇಳುತ್ತಾಳೆ. ಒತ್ತಿದ್ದರೂ ಅದು ತೆರೆಯುವಂಥದ್ದಲ್ಲ. ಇವತ್ತಿಗೂ ಈ ಮೂರು ಮಾತು ನನ್ನ ತಲೆಯಲ್ಲಿ ಒಂದಕ್ಕೊಂದು ಕೂಡುವುದಿಲ್ಲ. ಯಾರೋ ತೆರೆದರು. ಯಾರು ಎಂದು ನಾನು ಹೇಳಲಾರೆ. ತೆರೆದವರು ಆಕೆಗೆ ನೌಕರಿ ಕೊಟ್ಟಿದ್ದರು, ನಾನು ಅರ್ಧ ನಿಮಿಷದಲ್ಲಿ ಅದನ್ನು ಕಿತ್ತುಕೊಂಡೆ.

ಹೇಳಬೇಕಾದ ಮಾತನ್ನು ನಾನು ಹೇಳಲಿಲ್ಲ. ಚಹಾ ಕುಡಿದೆ. ಬಸ್ಸಿನ ಹೊತ್ತಾಯಿತು ಎಂದು ಎದ್ದೆ. ಆಕೆ ರಸ್ತೆಯವರೆಗೆ ಬಂದಳು. ಬಸ್ ದೂರದಲ್ಲಿ ಕಂಡ ಮೇಲೆ, ಸ್ವಲ್ಪ ಸಂಕೋಚದಿಂದ, ಶಾಲೆಯ ಮಗು ಕೇಳಿದ ಹಾಗೆ ಕೇಳಿದಳು:

“ಕಾಕಾರ, ನೀವು ಅಷ್ಟು ದೂರ ಕಪಾಟಿನ ಹತ್ರ ನಿಂತಿದ್ರಿ. ಮುಟ್ಟದ ಹೆಂಗ ತೆರದ್ರಿ? ನನಗ ಬ್ಯಾಡ, ನನ್ನ ಮಗಳಿಗೆ ಕಲಸ್ರಿ.”

ನಾನು ಮರೆತಿದ್ದೇನೆ ಎಂದೆ. ಬಸ್ ಹತ್ತಿ ಕೂತೆ. ಆಕೆ ಕೈ ಮುಗಿದುಕೊಂಡೇ ನಿಂತಿದ್ದಳು.